ಮಕ್ಕಳ ಗಂಟಲು ನೋವಿಗೆ ಆಂಟಿಬಯೋಟಿಕ್ ಯಾವಾಗ ಬೇಕು, ಯಾವಾಗ ಬೇಡ?

ಪ್ರಶ್ನೆ: ಬನಶಂಕರಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಎಂಟು ವರ್ಷ, ತೂಕ 25 ಕಿಲೋ, ಮೂರನೇ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಅವನಿಗೆ ಮೇಲಿಂದ ಮೇಲೆ ಗಂಟಲು ನೋವು ಬರುತ್ತಿದೆ. ಮನೆಯ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗಲೆಲ್ಲ ಬಾಯಿ ತೆರೆಸಿ, ಟಾರ್ಚ್ ಹಾಕಿ ನೋಡಿ, ‘ಗಂಟಲು ಕೆಂಪಾಗಿದೆ, ಇನ್‌ಫೆಕ್ಷನ್’ ಎಂದು ಹೇಳಿ ಮೂರು ದಿನಗಳ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆದುಕೊಡುತ್ತಾರೆ. ಕಳೆದ ಸಲ ಊರಿಗೆ ಹೋಗಿದ್ದಾಗ ಇದೇ ತೊಂದರೆ ಬಂತು. ಅಲ್ಲಿನ ವೈದ್ಯರು, ‘ಮೂಗು ಸೋರುತ್ತಿದೆ, ಕೆಮ್ಮೂ ಇದೆ, ಇದಕ್ಕೆ ಆಂಟಿಬಯೋಟಿಕ್ ಬೇಕಾಗಿಲ್ಲ’ ಎಂದು ಪ್ಯಾರಾಸಿಟಮಾಲ್ ಮಾತ್ರ ಕೊಟ್ಟರು. ಆಗಲೂ ಅವನು ಹಿಂದಿನಷ್ಟೇ ದಿನಗಳಲ್ಲಿ ಗುಣವಾದ.

ಈಗ ಮನೆಯಲ್ಲಿ ಎರಡು ಅಭಿಪ್ರಾಯಗಳಾಗಿವೆ. ಪದೇ ಪದೇ ಆಂಟಿಬಯೋಟಿಕ್ ಕೊಟ್ಟರೆ ಮುಂದೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡುವುದಿಲ್ಲ ಎಂಬುದು ನಮ್ಮ ಯಜಮಾನರ ಆತಂಕ. ಗಂಟಲು ನೋವನ್ನು ಹಾಗೆಯೇ ಬಿಟ್ಟರೆ ಹೃದಯಕ್ಕೆ ಇಳಿಯುತ್ತದೆ, ತಮ್ಮ ಕಾಲದಲ್ಲಿ ಅಂಥ ಮಕ್ಕಳನ್ನು ಕಂಡಿದ್ದೇನೆ ಎಂಬುದು ನಮ್ಮ ಅತ್ತೆಯವರ ಆತಂಕ. ನನಗೆ ಇಬ್ಬರ ಮಾತೂ ಸುಳ್ಳೆನಿಸುತ್ತಿಲ್ಲ.

ನಿನ್ನೆ ಬೆಳಗ್ಗೆಯಿಂದ ಮತ್ತೆ ಗಂಟಲು ನೋವು ಶುರುವಾಗಿದೆ. ಈ ಸಲ ನೆಗಡಿ ಇಲ್ಲ, ಕೆಮ್ಮೂ ಇಲ್ಲ. ರಾತ್ರಿ ಜ್ವರ 102 ಡಿಗ್ರಿ ಇತ್ತು. ಎಂಜಲು ನುಂಗುವುದಕ್ಕೂ ಕಷ್ಟಪಡುತ್ತಿದ್ದಾನೆ, ದವಡೆಯ ಕೆಳಗೆ ಮುಟ್ಟಿದರೆ ನೋವು ಎನ್ನುತ್ತಾನೆ. ಹಿಂದಿನ ಸಲದ ಸಿರಪ್ ಫ್ರಿಜ್‌ನಲ್ಲಿ ಅರ್ಧ ಬಾಟಲಿ ಉಳಿದಿದೆ. ಅದನ್ನು ಕೊಡಬಹುದೇ, ಅಥವಾ ಎರಡು ದಿನ ಕಾದು ನೋಡಬೇಕೇ? ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಕ್ಕಳ ವೈದ್ಯ, ರಾಜಾಜಿನಗರ

ಮೊದಲು ತುರ್ತಿನ ಮಾತು. ಉಳಿದ ಸಿರಪ್ ಕೊಡಬೇಡಿ. ಮಗುವನ್ನು ಇಂದು ಅಥವಾ ನಾಳೆಯೊಳಗೆ ವೈದ್ಯರಿಗೆ ತೋರಿಸಿ, ಗಂಟಲಿನ ಸ್ವಾಬ್ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಮಗುವನ್ನು ಕಣ್ಣಾರೆ ನೋಡದೆ ನಾನು ಔಷಧ ಸೂಚಿಸಲಾರೆ. ಆದರೆ ಊರಿನಲ್ಲಿ ಬಂದ ಗಂಟಲು ನೋವೂ ಈಗ ಬಂದಿರುವ ಗಂಟಲು ನೋವೂ ಒಂದೇ ಅಲ್ಲ ಎಂಬುದು ನೀವು ಬರೆದಿರುವುದರಿಂದಲೇ ತಿಳಿಯುತ್ತದೆ. ನಿಮ್ಮ ಯಜಮಾನರ ಮಾತು ಮೊದಲನೆಯದಕ್ಕೆ ಸರಿ, ಅತ್ತೆಯವರ ಮಾತು ಎರಡನೆಯದಕ್ಕೆ ಸರಿ.

ಗಂಟಲು ನೋವಿನ ಬಹುಪಾಲು ವೈರಸ್‌ಗಳಿಂದ ಬರುತ್ತದೆ. ನೆಗಡಿಯನ್ನು ಉಂಟುಮಾಡುವ ರೈನೊವೈರಸ್, ಅಡೆನೊವೈರಸ್, ಫ್ಲೂ, ಕೋವಿಡ್ ಎಲ್ಲವೂ ಈ ಗುಂಪಿನವು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ ಔಷಧ, ವೈರಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಮೂಗು ಸೋರುವುದು, ಕೆಮ್ಮು, ಧ್ವನಿ ಒಡೆಯುವುದು, ಕಣ್ಣು ಕೆಂಪಾಗುವುದು, ಬಾಯಿಯಲ್ಲಿ ಸಣ್ಣ ಹುಣ್ಣುಗಳು ಇವು ಗಂಟಲು ನೋವಿನ ಜೊತೆಯಲ್ಲಿದ್ದರೆ ಅದು ವೈರಸ್‌ನದೇ ಎಂದು ಬಹುಮಟ್ಟಿಗೆ ಹೇಳಬಹುದು. ಗಂಟಲು ಕೆಂಪಾಗುವುದು ಎರಡರಲ್ಲೂ ಇದ್ದದ್ದೇ, ಆದ್ದರಿಂದ ಬರಿಯ ಕೆಂಪು ಬಣ್ಣವನ್ನು ನೋಡಿ ಆಂಟಿಬಯೋಟಿಕ್ ಬರೆಯುವುದಕ್ಕೆ ಆಧಾರವಿಲ್ಲ. ಮೂಗಿನ ಸಿಂಬಳ ಹಳದಿ ಅಥವಾ ಹಸಿರಾದರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ, ಅದೂ ಸರಿಯಲ್ಲ. ಸಾಧಾರಣ ನೆಗಡಿಯಲ್ಲೇ ಮೂರು ನಾಲ್ಕು ದಿನ ಕಳೆದ ಮೇಲೆ ಬಣ್ಣ ಹಾಗೆ ತಿರುಗುತ್ತದೆ.

ಉಳಿದ ಚಿಕ್ಕ ಪಾಲಿನಲ್ಲಿ ನಾವು ಮುಖ್ಯವಾಗಿ ಹುಡುಕುವುದು ಗ್ರೂಪ್ ‘ಎ’ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು. ಗಂಟಲು ನೋವೆಂದು ವೈದ್ಯರ ಬಳಿಗೆ ಬರುವ ಮಕ್ಕಳಲ್ಲಿ ನೂರಕ್ಕೆ 20ರಿಂದ 30 ಮಂದಿಗೆ, ದೊಡ್ಡವರಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಇದು ಕಾರಣವಾಗಿರುತ್ತದೆ. ಐದರಿಂದ ಹದಿನೈದು ವರ್ಷದವರಲ್ಲಿ ಇದು ಹೆಚ್ಚು, ಮೂರು ವರ್ಷದೊಳಗಿನ ಮಕ್ಕಳಲ್ಲಿ ಬಲು ಅಪರೂಪ. ಇದನ್ನು ಅಂದಾಜು ಮಾಡಲು ವೈದ್ಯರು ಒಂದು ಅಂಕಪಟ್ಟಿಯನ್ನು ಬಳಸುತ್ತಾರೆ. 1981ರಲ್ಲಿ ರಾಬರ್ಟ್ ಸೆಂಟರ್ ಎಂಬ ಅಮೆರಿಕದ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು ದೊಡ್ಡವರಿಗಾಗಿ ರೂಪಿಸಿದ್ದನ್ನು ಆಮೇಲೆ ಮ್ಯಾಕ್‌ಐಸಾಕ್ ಎಂಬವರು ವಯಸ್ಸನ್ನು ಸೇರಿಸಿ ಮಕ್ಕಳಿಗೂ ಹೊಂದುವಂತೆ ಮಾಡಿದರು. 38 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ ನಮ್ಮ ಥರ್ಮಾಮೀಟರಿನ 100.4ಕ್ಕಿಂತ ಹೆಚ್ಚು ಜ್ವರವಿದ್ದರೆ ಒಂದು ಅಂಕ. ಕೆಮ್ಮು ಇಲ್ಲದಿದ್ದರೆ ಒಂದು. ಕತ್ತಿನ ಮುಂಭಾಗದ ಗ್ರಂಥಿಗಳು ಊದಿಕೊಂಡು ಮುಟ್ಟಿದರೆ ನೋಯುತ್ತಿದ್ದರೆ ಒಂದು. ಟಾನ್ಸಿಲ್ ಊದಿಕೊಂಡಿದ್ದರೆ ಅಥವಾ ಅದರ ಮೇಲೆ ಬಿಳಿಯ ಕೀವಿನಂಥ ಚುಕ್ಕೆಗಳಿದ್ದರೆ ಒಂದು. ವಯಸ್ಸು ಮೂರರಿಂದ ಹದಿನಾಲ್ಕರ ನಡುವೆ ಇದ್ದರೆ ಇನ್ನೊಂದು, ನಲವತ್ತೈದು ದಾಟಿದ್ದರೆ ಒಂದನ್ನು ಕಳೆಯಬೇಕು. ಒಟ್ಟು ಅಂಕ ಸೊನ್ನೆ ಅಥವಾ ಒಂದಾದರೆ ಪರೀಕ್ಷೆಯೂ ಬೇಡ, ಆಂಟಿಬಯೋಟಿಕ್ಕೂ ಬೇಡ. ಎರಡು, ಮೂರು ಬಂದರೆ ಪರೀಕ್ಷೆ ಮಾಡಿಸಿ ತೀರ್ಮಾನಿಸಬೇಕು. ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಬಂದರೂ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಸ್ಟ್ರೆಪ್ಟೊಕಾಕಸ್ ಸಿಗುತ್ತದೆ, ಆದ್ದರಿಂದ ಅಲ್ಲಿಯೂ ಪರೀಕ್ಷೆಯೇ ಒಳ್ಳೆಯದು. ನಿಮ್ಮ ಮಗನಿಗೆ ಟಾನ್ಸಿಲ್ ನೋಡುವ ಮೊದಲೇ ನಾಲ್ಕು ಅಂಕಗಳಾಗಿವೆ. ಊರಿಗೆ ಹೋಗಿದ್ದಾಗ ಬಂದ ನೋವಿಗೆ ವಯಸ್ಸಿನ ಒಂದೇ ಅಂಕ ಸಿಕ್ಕಿದ್ದೀತು. ಅಲ್ಲಿನ ವೈದ್ಯರು ಸರಿಯಾಗಿಯೇ ನಿರ್ಧರಿಸಿದ್ದಾರೆ.

ಸ್ವಾಬ್ ಪರೀಕ್ಷೆಗೆ ಮಗುವನ್ನು ಮೊದಲೇ ಸಿದ್ಧಪಡಿಸಿ. ನಾಲಗೆಯನ್ನು ಚಪ್ಪಟೆ ಕಡ್ಡಿಯಿಂದ ಅದುಮಿ ಹಿಡಿದು, ಹತ್ತಿ ಸುತ್ತಿದ ಕಡ್ಡಿಯನ್ನು ಎರಡೂ ಟಾನ್ಸಿಲ್‌ಗಳ ಮೇಲೂ ಗಂಟಲಿನ ಹಿಂಗೋಡೆಯ ಮೇಲೂ ಒತ್ತಿ ಸವರಬೇಕು, ಕೆನ್ನೆಗಾಗಲಿ ನಾಲಗೆಗಾಗಲಿ ತಗಲಬಾರದು. ಮಗುವಿಗೆ ಓಕರಿಕೆ ಬರುತ್ತದೆ, ಆದರೆ ಎರಡು ಕ್ಷಣಗಳಲ್ಲಿ ಮುಗಿಯುತ್ತದೆ. ಓಕರಿಕೆಗೆ ಹೆದರಿ ತುಟಿಯಂಚಿನಿಂದ ತೆಗೆದ ಸ್ವಾಬ್‌ನಿಂದ ಪ್ರಯೋಜನವಿಲ್ಲ. ರಾಪಿಡ್ ಪರೀಕ್ಷೆ ಇರುವ ಕಡೆ ಹತ್ತು ಹದಿನೈದು ನಿಮಿಷಗಳಲ್ಲಿ ಫಲಿತಾಂಶ ಸಿಗುತ್ತದೆ. ಅದರಲ್ಲಿ ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ಮಕ್ಕಳಲ್ಲಿ ಕಲ್ಚರ್ ಮಾಡಿ, ಅಂದರೆ ಸ್ವಾಬ್‌ನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿ, ಖಚಿತಪಡಿಸಿಕೊಳ್ಳುವುದು ವಾಡಿಕೆ. ಬೆಂಗಳೂರಿನಲ್ಲಿಯೂ ಎಲ್ಲ ಕ್ಲಿನಿಕ್‌ಗಳಲ್ಲಿ ರಾಪಿಡ್ ಕಿಟ್ ಇರುವುದಿಲ್ಲ, ಕಲ್ಚರ್ ಮಾತ್ರ ಯಾವುದೇ ದೊಡ್ಡ ಲ್ಯಾಬಿನಲ್ಲಿ ಆಗುತ್ತದೆ. ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಸವರಿ ಇಟ್ಟರೆ ಮರುದಿನ ಬ್ಯಾಕ್ಟೀರಿಯಾದ ಸಣ್ಣ ಚುಕ್ಕೆಗಳ ಸುತ್ತ ರಕ್ತ ಕರಗಿ ಬೆಳ್ಳನೆಯ ಉಂಗುರ ಕಾಣಿಸುತ್ತದೆ. ವರದಿಗೆ ಒಂದೆರಡು ದಿನ ಬೇಕು.

ಅಷ್ಟು ದಿನ ಕಾಯುವುದು ಅಪಾಯವಲ್ಲವೇ ಎಂದು ತಾಯಂದಿರು ಕೇಳುತ್ತಾರೆ. ಅಪಾಯವಲ್ಲ. ಸ್ಟ್ರೆಪ್ಟೊಕಾಕಸ್ ಗಂಟಲು ನೋವಿಗೆ ನಾವು ಆಂಟಿಬಯೋಟಿಕ್ ಕೊಡುವುದರ ಮುಖ್ಯ ಉದ್ದೇಶ ನೋವು ಬೇಗ ಇಳಿಸುವುದಲ್ಲ. ಆ ಲಾಭ ಸರಾಸರಿ ಅರ್ಧ ದಿನಕ್ಕಿಂತ ತುಸು ಹೆಚ್ಚು, ಅಷ್ಟೇ. ಏನೂ ಕೊಡದಿದ್ದರೂ ಹೆಚ್ಚಿನವರ ಗಂಟಲು ಒಂದು ವಾರದೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಮುಖ್ಯ ಉದ್ದೇಶ ರುಮ್ಯಾಟಿಕ್ ಜ್ವರವನ್ನು ತಡೆಯುವುದು. ಸ್ಟ್ರೆಪ್ಟೊಕಾಕಸ್ ವಿರುದ್ಧ ದೇಹ ತಯಾರಿಸಿದ ಪ್ರತಿರೋಧ ಶಕ್ತಿ ಎರಡು ಮೂರು ವಾರಗಳ ನಂತರ ದಿಕ್ಕುತಪ್ಪಿ ಸ್ವಂತ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಕೀಲುಗಳು ಗುಣವಾಗುತ್ತವೆ, ಕವಾಟಗಳಲ್ಲಿ ಗಾಯದ ಕಲೆ ಉಳಿದುಬಿಡುತ್ತದೆ. ಗಂಟಲು ನೋವು ಆರಂಭವಾದ ಒಂಬತ್ತು ದಿನಗಳೊಳಗೆ ಸರಿಯಾದ ಆಂಟಿಬಯೋಟಿಕ್ ಶುರುವಾದರೆ ಇದನ್ನು ತಡೆಯಬಹುದು. ಅದಕ್ಕೆ ಕಲ್ಚರ್ ವರದಿಗಾಗಿ ಎರಡು ದಿನ ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ರುಮ್ಯಾಟಿಕ್ ಜ್ವರ ಪಶ್ಚಿಮದ ಶ್ರೀಮಂತ ದೇಶಗಳಲ್ಲಿ ಬಹುಮಟ್ಟಿಗೆ ಕಾಣೆಯಾಗಿದೆ, ನಮ್ಮಲ್ಲಿ ಆಗಿಲ್ಲ. ಆದ್ದರಿಂದ ಅಲ್ಲಿನ ಕೆಲವು ದೇಶಗಳ ವೈದ್ಯರು ‘ಬೇಡವೇ ಬೇಡ’ ಎಂದು ಹೇಳುವಷ್ಟು ಸಲೀಸಾಗಿ ಎಂಟು ವರ್ಷದ ಮಗುವಿನ ವಿಷಯದಲ್ಲಿ ನಾವು ಇಲ್ಲಿ ಹೇಳಲಾಗದು.

ಇನ್ನು ಯಾವ ಔಷಧ ಎಂಬುದು. ಪೆನಿಸಿಲಿನ್ ಅಥವಾ ಅದೇ ಕುಟುಂಬದ ಅಮಾಕ್ಸಿಸಿಲಿನ್, ಪೂರ್ತಿ ಹತ್ತು ದಿನ. ಬಾಯಿಂದ ಹತ್ತು ದಿನ ಕೊಡುವುದು ಕಷ್ಟವೆನಿಸಿದರೆ ಬೆಂಜಾಥಿನ್ ಪೆನಿಸಿಲಿನ್‌ನ ಒಂದೇ ಇಂಜೆಕ್ಷನ್. 27 ಕಿಲೋಗಿಂತ ಕಡಿಮೆ ತೂಕವಿದ್ದರೆ ಆರು ಲಕ್ಷ ಯೂನಿಟ್, ಅದಕ್ಕಿಂತ ಹೆಚ್ಚಿದ್ದರೆ ಹನ್ನೆರಡು ಲಕ್ಷ. ಹಿಂದೆ ಯಾವುದಾದರೂ ಔಷಧದಿಂದ ಮೈಮೇಲೆ ದದ್ದು ಎದ್ದಿದ್ದರೆ, ಉಸಿರುಗಟ್ಟಿದ್ದರೆ, ಅದನ್ನು ಮರೆಯದೆ ವೈದ್ಯರಿಗೆ ಹೇಳಿ. ಅಜಿತ್ರೊಮೈಸಿನ್ ಇರುವುದು ಪೆನಿಸಿಲಿನ್ ನಿಜವಾಗಿಯೂ ಒಗ್ಗದವರಿಗೆ. ಅವರಿಗೂ ಅದನ್ನು ಐದು ದಿನ ಕೊಡಬೇಕು. ಮಕ್ಕಳಿಗೆ ಸಾಮಾನ್ಯವಾಗಿ ಬರೆಯುವ ಮೂರು ದಿನಗಳ ಪ್ರಮಾಣ ಸ್ಟ್ರೆಪ್ಟೊಕಾಕಸ್‌ಗೆ ಕಡಿಮೆ ಬೀಳುತ್ತದೆ. ಅಂದರೆ ನಿಮ್ಮ ಮಗನಿಗೆ ಈವರೆಗೆ ಸಿಕ್ಕಿರುವ ಔಷಧ ವೈರಸ್ ಇದ್ದಾಗ ಅನಗತ್ಯ, ಸ್ಟ್ರೆಪ್ಟೊಕಾಕಸ್ ಇದ್ದಿದ್ದರೆ ಅಪೂರ್ಣ. ನನ್ನನ್ನು ಹೆಚ್ಚು ಕಾಡುವುದು ಈ ಅಭ್ಯಾಸವೇ, ಏಕೆಂದರೆ ಇದರಲ್ಲಿ ಮಗುವಿಗೆ ಎರಡು ಕಡೆಯಿಂದಲೂ ನಷ್ಟವಾಗುತ್ತದೆ.

ಯಜಮಾನರ ಪ್ರಶ್ನೆಗೂ ಉತ್ತರಿಸುತ್ತೇನೆ. ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ ನೊಬೆಲ್ ಉಪನ್ಯಾಸ ಮಾಡಿದಾಗ ಎಚ್ಚರಿಕೆಗಾಗಿ ಆರಿಸಿಕೊಂಡ ಉದಾಹರಣೆ ಗಂಟಲು ನೋವಿನದೇ. ಒಬ್ಬಾತ ಪೆನಿಸಿಲಿನ್ ಕೊಂಡು ತಾನೇ ಅರೆಬರೆ ಸೇವಿಸುತ್ತಾನೆ, ಸಾಯದೆ ಉಳಿದ ಸ್ಟ್ರೆಪ್ಟೊಕಾಕಸ್ ಔಷಧವನ್ನು ಎದುರಿಸಲು ಕಲಿತು ಅವನ ಹೆಂಡತಿಗೆ ಅಂಟುತ್ತದೆ ಎಂದು ಅವರು ಊಹಿಸಿದ್ದರು. ಸ್ಟ್ರೆಪ್ಟೊಕಾಕಸ್ ಮಟ್ಟಿಗೆ ಅದು ಇನ್ನೂ ನಿಜವಾಗಿಲ್ಲ. ಎಂಟು ದಶಕ ಕಳೆದರೂ ಈ ಬ್ಯಾಕ್ಟೀರಿಯಾಕ್ಕೆ ಹಳೆಯ ಪೆನಿಸಿಲಿನ್ ಈಗಲೂ ನಾಟುತ್ತದೆ, ಅದಕ್ಕೇ ದುಬಾರಿಯಾದ ಹೊಸ ಔಷಧಗಳ ಅಗತ್ಯವೇ ಇಲ್ಲ. ಆದರೆ ಗಂಟಲಿಗೆಂದು ನುಂಗಿದ ಔಷಧ ಗಂಟಲಲ್ಲಿ ಮಾತ್ರ ನಿಲ್ಲುವುದಿಲ್ಲ. ಕರುಳಿನಲ್ಲಿ, ಮೂಗಿನಲ್ಲಿ, ಚರ್ಮದ ಮೇಲೆ ಇರುವ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಅದರ ರುಚಿ ನೋಡುತ್ತವೆ, ಪ್ರತಿರೋಧ ಬೆಳೆಯುವುದು ಅವುಗಳಲ್ಲಿ. ನಮ್ಮ ದೇಶದಲ್ಲಿ ಟೈಫಾಯಿಡ್‌ಗೆ ಬಾಯಿಂದ ಕೊಡಲು ಉಳಿದಿರುವ ಕೆಲವೇ ನಂಬಿಕಸ್ಥ ಔಷಧಗಳಲ್ಲಿ ಅಜಿತ್ರೊಮೈಸಿನ್ ಒಂದು. ಅದನ್ನು ನೆಗಡಿಗೆ ಖರ್ಚು ಮಾಡಬಾರದು.

ವರದಿ ಬರುವವರೆಗೆ ಪ್ಯಾರಾಸಿಟಮಾಲ್ ಅನ್ನು ತೂಕಕ್ಕೆ ತಕ್ಕಂತೆ, ಒಮ್ಮೆ ಕೊಟ್ಟು ಆರು ಗಂಟೆ ಬಿಟ್ಟು ಇನ್ನೊಮ್ಮೆ ಕೊಡಿ. ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಲಿ. ಗಂಜಿ, ತಿಳಿಸಾರು, ಜೇನುತುಪ್ಪ ಬೆರೆಸಿದ ಶುಂಠಿ ನೀರು ಎಲ್ಲವೂ ಆದೀತು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನುತುಪ್ಪ ಮಾತ್ರ ಬೇಡ. ಮಳೆಗಾಲದ ಜ್ವರ ಡೆಂಗಿ ಅಲ್ಲವೆಂದು ತಿಳಿಯುವವರೆಗೆ ಐಬುಪ್ರೊಫೇನ್ ಕೊಡಬೇಡಿ. ಮಗು ಜೊಲ್ಲು ನುಂಗಲಾಗದೆ ಸುರಿಸತೊಡಗಿದರೆ, ಬಾಯಿ ತೆರೆಯಲಾಗದಿದ್ದರೆ, ಮಾತು ಬಾಯಿಯಲ್ಲಿ ಬಿಸಿ ಅನ್ನ ಇಟ್ಟುಕೊಂಡಂತೆ ಕೇಳಿದರೆ, ಉಸಿರಿನಲ್ಲಿ ಕರ್ಕಶ ಸದ್ದು ಬಂದರೆ ಕ್ಲಿನಿಕ್ಕಿಗಲ್ಲ, ನೇರವಾಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.

ಉತ್ತರ: ಔಷಧ ಅಂಗಡಿಯವರು, ವಿಜಯನಗರ

ವೈದ್ಯರು ಹೇಳಿದ ಮೇಲೆ ನಾನು ಸೇರಿಸಬೇಕಾದದ್ದು ಸ್ವಲ್ಪವೇ ಇದೆ. ಫ್ರಿಜ್‌ನ ಬಾಗಿಲಿನಲ್ಲಿ ಉಳಿದ ಸಿರಪ್ ಇಟ್ಟುಕೊಳ್ಳುವುದು ಬಹಳ ಮನೆಗಳಲ್ಲಿದೆ, ಅದನ್ನು ದಯವಿಟ್ಟು ಬಿಡಿ. ಮಕ್ಕಳ ಆಂಟಿಬಯೋಟಿಕ್‌ಗಳಲ್ಲಿ ಬಹಳಷ್ಟು ಡ್ರೈ ಸಿರಪ್‌ಗಳು. ಬಾಟಲಿಯಲ್ಲಿ ಇರುವುದು ಪುಡಿ, ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕಲಸಿದ ಮೇಲೆ ಅದರ ಆಯುಸ್ಸು ಡಬ್ಬದ ಮೇಲೆ ಬರೆದಿರುವಷ್ಟೇ ದಿನ, ಹೆಚ್ಚಿನವುಗಳಿಗೆ ಒಂದು ವಾರದ ಆಸುಪಾಸು. ಜನರು ನೋಡುವ ಎಕ್ಸ್‌ಪೈರಿ ತಾರೀಖು ಕಲಸದ ಪುಡಿಗೆ ಸಂಬಂಧಿಸಿದ್ದು.

ಎರಡನೆಯ ಮಾತು ಅಳತೆಯದು. ಅಮಾಕ್ಸಿಸಿಲಿನ್ ಬರೆದುಕೊಟ್ಟರೆ ಒಂದು ಬಾಟಲಿ ಒಯ್ದು, ಅದು ಮುಗಿದಾಗ ಚಿಕಿತ್ಸೆಯೂ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಈ ಕಾಯಿಲೆಗೆ ಮಕ್ಕಳಿಗೆ ದಿನಕ್ಕೆ ಪ್ರತಿ ಕಿಲೋಗೆ 50 ಮಿಲಿಗ್ರಾಂ ಲೆಕ್ಕದಲ್ಲಿ, 1000 ಮಿಲಿಗ್ರಾಂ ಮೀರದಂತೆ ಬರೆಯುತ್ತಾರೆ. 25 ಕಿಲೋ ತೂಕದ ಮಗುವಿಗೆ ಅದು ದಿನಕ್ಕೆ 1000 ಮಿಲಿಗ್ರಾಂ ಆಗುತ್ತದೆ. ಐದು ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ ದಿನಕ್ಕೆ 20 ಮಿಲಿಲೀಟರ್ ಬೇಕು, ಅಂದರೆ 30 ಮಿಲಿಲೀಟರ್ ಬಾಟಲಿ ಎರಡು ದಿನಕ್ಕೂ ಬರುವುದಿಲ್ಲ. ನೀರಿನಲ್ಲಿ ಕರಗುವ ಮಾತ್ರೆ ಅಥವಾ ಕ್ಯಾಪ್ಸೂಲ್ ಕೊಡಬಹುದೇ ಎಂದು ವೈದ್ಯರನ್ನೇ ಕೇಳಿ. ಬೆಲೆಯೂ ಕಡಿಮೆ, ಹತ್ತು ದಿನದ ಲೆಕ್ಕವೂ ತಪ್ಪುವುದಿಲ್ಲ.

ಚೀಟಿ ಇಲ್ಲದೆ ‘ಗಂಟಲಿಗೆ ಏನಾದರೂ ಕೊಡಿ’ ಎಂದು ಬರುವವರು ನಮ್ಮಲ್ಲಿ ದಿನವೂ ಇದ್ದಾರೆ. ಸ್ಟ್ರಿಪ್‌ನ ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಈ ಗೆರೆಯ ಬಗ್ಗೆಯೇ ಪ್ರಚಾರ ನಡೆಸಿತ್ತು. ಗಂಟಲಿಗೆಂದು ಜನ ಹೆಸರು ಹಿಡಿದು ಕೇಳುವ ಸೆಫಿಕ್ಸಿಮ್ ಮುಂತಾದವು ಇನ್ನೂ ಬಿಗಿಯಾದ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಅವನ್ನು ಕೊಟ್ಟಾಗ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಅಂಗಡಿಯವರು ಇಲ್ಲವೆಂದರೆ ಕೋಪಿಸಿಕೊಳ್ಳಬೇಡಿ, ಅವರು ತಮ್ಮ ಕೆಲಸವನ್ನೇ ಮಾಡುತ್ತಿರುತ್ತಾರೆ.

ಉತ್ತರ: ಸಂಗೀತ ಶಿಕ್ಷಕಿ, ಮಲ್ಲೇಶ್ವರ

ಇದೇ ಸಂದರ್ಭದಲ್ಲಿ ದೊಡ್ಡವರ ಬಗ್ಗೆಯೂ ಕೇಳಬೇಕೆನಿಸಿತು. ನನಗೆ ನಲವತ್ತೆಂಟು ವರ್ಷ. ಧನುರ್ಮಾಸದ ಚಳಿಯಲ್ಲಿ, ಸಂಗೀತ ಕಚೇರಿಗಳು ಹೆಚ್ಚಿರುವ ಕಾಲದಲ್ಲೇ ಗಂಟಲು ಕೆರೆದು ಧ್ವನಿ ಕಟ್ಟುತ್ತದೆ. ಜ್ವರ ಇರುವುದಿಲ್ಲ. ಕಾರ್ಯಕ್ರಮ ಹತ್ತಿರವಿದ್ದಾಗ ಆಂಟಿಬಯೋಟಿಕ್ ತೆಗೆದುಕೊಂಡರೆ ಬೇಗ ಸರಿಹೋಗುತ್ತದೆ ಎಂದು ಜೊತೆಯ ಕಲಾವಿದರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಮಕ್ಕಳ ವೈದ್ಯ, ರಾಜಾಜಿನಗರ

ನಿಜವಲ್ಲ, ಮೇಡಂ. ಜ್ವರವಿಲ್ಲದೆ ಧ್ವನಿ ಕಟ್ಟುವುದು ಸ್ಟ್ರೆಪ್ಟೊಕಾಕಸ್‌ನ ಲಕ್ಷಣವೇ ಅಲ್ಲ, ನಿಮ್ಮ ವಯಸ್ಸಿನಲ್ಲಿ ಅದರ ಸಾಧ್ಯತೆಯೂ ಕಡಿಮೆ. ವೈರಸ್, ಧೂಳು, ಅಲರ್ಜಿ, ಹೊಟ್ಟೆಯ ಆಮ್ಲ ಮೇಲೇರುವುದು ಇವು ಸಾಮಾನ್ಯ ಕಾರಣಗಳು. ಅಂಥ ದಿನಗಳಲ್ಲಿ ಧ್ವನಿಗೆ ವಿಶ್ರಾಂತಿ ಕೊಡಿ, ಪಿಸುಮಾತಿನಲ್ಲಿ ಮಾತನಾಡುವುದೂ ವಿಶ್ರಾಂತಿಯಲ್ಲ. ಮೂರು ವಾರ ಕಳೆದರೂ ಧ್ವನಿ ತಿಳಿಯಾಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ ಧ್ವನಿತಂತುಗಳನ್ನು ಪರೀಕ್ಷಿಸಿಕೊಳ್ಳಿ.

ಉತ್ತರ: ಹೃದಯದ ತೊಂದರೆ ಇರುವವರು, ಕೆಂಗೇರಿ

ಆಂಟಿಬಯೋಟಿಕ್ ಬೇಡ ಎಂಬ ಮಾತು ಮಾತ್ರ ಓದಿ ಯಾರೂ ಈ ಚರ್ಚೆಯಿಂದ ಹೊರಡಬಾರದೆಂದು ಬರೆಯುತ್ತಿದ್ದೇನೆ. ನಾನು ಐದನೇ ತರಗತಿಯಲ್ಲಿದ್ದಾಗ ಗಂಟಲು ನೋವು, ಜ್ವರ ಬಂದು ಒಂದು ವಾರದಲ್ಲಿ ಹೋಯಿತು. ನಾವಿದ್ದ ಹಳ್ಳಿಯಲ್ಲಿ ಅದಕ್ಕೆಲ್ಲ ವೈದ್ಯರ ಬಳಿಗೆ ಹೋಗುವ ರೂಢಿಯೇ ಇರಲಿಲ್ಲ, ಅವ್ವ ಮೆಣಸಿನ ಕಷಾಯ ಮಾಡಿಕೊಟ್ಟಿದ್ದಳು. ಆಮೇಲೆ ಕೆಲವು ವಾರಗಳಿಗೆ ಮೊಣಕಾಲು ಕೆಂಪಾಗಿ ಊದಿಕೊಂಡಿತು. ಹೊದಿಕೆ ತಗಲಿದರೂ ಕಿರುಚುವಷ್ಟು ನೋವು. ಅದು ಇಳಿಯುತ್ತಿದ್ದಂತೆ ನೋವು ಹರಡಿಗೆ ಬಂತು, ಅಲ್ಲಿಂದ ಮಣಿಕಟ್ಟಿಗೆ. ಬೆಳೆಯುವ ಮಕ್ಕಳಿಗೆ ಇದ್ದದ್ದೇ ಎಂದು ಮನೆಯವರು ಅಂದುಕೊಂಡರು. ಓಡಿದರೆ ಉಸಿರು ಕಟ್ಟುತ್ತಿದೆ ಎಂದು ಗೊತ್ತಾದದ್ದು ಪ್ರೌಢಶಾಲೆಗೆ ಬಂದ ಮೇಲೆ.

ನನ್ನ ಹೃದಯದ ಮೈಟ್ರಲ್ ಎಂಬ ಕವಾಟ ಕಿರಿದಾಗಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳುಹಿಸಿ ಅದನ್ನು ಹಿಗ್ಗಿಸಿದರು, ಎದೆ ತೆರೆಯಬೇಕಾಗಲಿಲ್ಲ. ಇನ್ನೊಮ್ಮೆ ಸ್ಟ್ರೆಪ್ಟೊಕಾಕಸ್ ತಗಲಿದರೆ ಕವಾಟ ಮತ್ತಷ್ಟು ಕೆಡುವುದರಿಂದ ಪ್ರತಿ 21 ದಿನಕ್ಕೊಮ್ಮೆ ಬೆಂಜಾಥಿನ್ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಬಿಳಿಯ ಪುಡಿಗೆ ನೀರು ಬೆರೆಸಿ ಕೊಡುವ ದಪ್ಪ ಔಷಧ ಅದು. ಸೊಂಟದಲ್ಲಿ ನಿಧಾನವಾಗಿ ಇಳಿಯುತ್ತದೆ, ಮರುದಿನವೂ ಕುಳಿತುಕೊಳ್ಳುವಾಗ ನೋಯುತ್ತದೆ. ಕ್ಯಾಲೆಂಡರ್‌ನಲ್ಲಿ ಅದರ ದಿನ ಗುರುತಿಸಿಕೊಂಡೇ ಮದುವೆ, ಹಬ್ಬ, ಪ್ರಯಾಣಗಳನ್ನು ನಿಶ್ಚಯಿಸುತ್ತೇವೆ.

ವೈದ್ಯರು ನನಗೆ ಹೇಳಿದ ಒಂದು ವಿಷಯ ತಾಯಂದಿರಿಗೆ ತಿಳಿದಿರಬೇಕು. ಈ ಕಾಯಿಲೆ ಬಂದ ಎಷ್ಟೋ ಜನರಿಗೆ ಗಂಟಲು ನೋವು ಬಂದಿದ್ದ ನೆನಪೇ ಇರುವುದಿಲ್ಲ. ಆದ್ದರಿಂದ ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ಕೀಲಿನಿಂದ ಕೀಲಿಗೆ ಹಾರುವ ನೋವು, ಕಾರಣವಿಲ್ಲದ ಸುಸ್ತು, ಕೈಕಾಲು ತಾವಾಗಿಯೇ ಕುಣಿಯುವಂತೆ ಅಲುಗುವುದು ಇವು ಕಂಡರೆ, ಗಂಟಲು ನೋವು ಬಂದಿತ್ತೋ ಇಲ್ಲವೋ ಎಂದು ಯೋಚಿಸದೆ ತೋರಿಸಿ.

ಪ್ರಶ್ನೆ ಕೇಳಿದವರು: ಬನಶಂಕರಿಯ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಂಗೇರಿಯ ಅಕ್ಕನ ಮಾತನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬೇರೊಬ್ಬ ಮಕ್ಕಳ ವೈದ್ಯರ ಬಳಿಗೆ ಹೋಗಿದ್ದೆವು. ಟಾನ್ಸಿಲ್ ಊದಿ ಬಿಳಿಯ ಚುಕ್ಕೆಗಳಾಗಿವೆ ಎಂದು ನೋಡಿ, ಸ್ವಾಬ್ ತೆಗೆದು ಕಲ್ಚರ್‌ಗೆ ಕಳುಹಿಸಿದರು. ಇಂದು ವರದಿಯಲ್ಲಿ ಗ್ರೂಪ್ ‘ಎ’ ಸ್ಟ್ರೆಪ್ಟೊಕಾಕಸ್ ಬೆಳೆದಿದೆ ಎಂದು ಬಂದಿದ್ದು, ಹತ್ತು ದಿನಗಳ ಅಮಾಕ್ಸಿಸಿಲಿನ್ ಶುರುಮಾಡಿದ್ದಾರೆ. ಇದಕ್ಕೆ ಮೊದಲು ನಮ್ಮ ಭಾವನವರು ತಮಗೆ ಗೊತ್ತಿದ್ದ ಲ್ಯಾಬಿನಲ್ಲಿ ಎಎಸ್‌ಒ ಎಂಬ ರಕ್ತ ಪರೀಕ್ಷೆ ಮಾಡಿಸಿದ್ದರು, ಅದರಲ್ಲಿ 400 ಎಂದು ಬಂದಿದೆ, 200ರ ಒಳಗಿರಬೇಕೆಂದು ಪಕ್ಕದಲ್ಲಿ ಬರೆದಿದೆ. ಇದರಿಂದ ಹೃದಯಕ್ಕೆ ತೊಂದರೆಯಾಗಿದೆ ಎಂದು ಅರ್ಥವೇ? ಅವನಿಗೆ ನಾಲ್ಕು ವರ್ಷದ ತಂಗಿ ಇದ್ದಾಳೆ. ಅವಳಿಗೂ ಔಷಧ ಕೊಡಬೇಕೇ? ಇವನ ಟಾನ್ಸಿಲ್ ತೆಗೆಸಿಬಿಡುವುದು ಒಳ್ಳೆಯದೆಂದು ಕೆಲವರು ಹೇಳುತ್ತಿದ್ದಾರೆ. ಶಾಲೆಗೆ ಯಾವಾಗ ಕಳುಹಿಸಬಹುದು?

ಉತ್ತರ: ಮಕ್ಕಳ ವೈದ್ಯ, ರಾಜಾಜಿನಗರ

ಎಎಸ್‌ಒ ಸಂಖ್ಯೆಯನ್ನು ನೋಡಿ ಹೆದರಬೇಡಿ. ಅದು ದೇಹ ಹಿಂದೆ ಎಂದೋ ಸ್ಟ್ರೆಪ್ಟೊಕಾಕಸ್ ಅನ್ನು ಎದುರಿಸಿದೆ ಎಂಬುದಕ್ಕೆ ಗುರುತು, ಇಂದಿನ ಗಂಟಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೋಂಕು ತಗಲಿದ ಒಂದು ವಾರದ ನಂತರ ಏರತೊಡಗಿ, ಮೂರರಿಂದ ಐದು ವಾರಗಳಲ್ಲಿ ತುದಿ ಮುಟ್ಟಿ, ತಿಂಗಳುಗಟ್ಟಲೆ ಹಾಗೆಯೇ ಉಳಿಯಬಹುದು. ಲ್ಯಾಬುಗಳು ಮುದ್ರಿಸುವ 200 ಎಂಬ ಮಿತಿಯನ್ನು ಆರೋಗ್ಯವಂತ ಶಾಲಾಮಕ್ಕಳಲ್ಲೇ ಬಹಳ ಮಂದಿ ಮೀರಿರುತ್ತಾರೆ. ರುಮ್ಯಾಟಿಕ್ ಜ್ವರದ ಲಕ್ಷಣಗಳು ಕಂಡಾಗ ಪೂರಕ ಸಾಕ್ಷ್ಯವಾಗಿ ಮಾತ್ರ ಅದಕ್ಕೆ ಬೆಲೆ ಇದೆ. ಕೀಲುನೋವಾಗಲಿ ಉಬ್ಬಸವಾಗಲಿ ಇಲ್ಲದ ಮಗುವಿಗೆ ಈ ಸಂಖ್ಯೆ ಒಂದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಆರಂಭಿಸಿದ ಪ್ರಸಂಗಗಳನ್ನು ನಾನು ಕಂಡಿದ್ದೇನೆ. ನಿಮಗೆ ಯಾರಾದರೂ ಹಾಗೆ ಹೇಳಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯದೆ ಒಪ್ಪಬೇಡಿ.

ತಂಗಿಗೆ ಜ್ವರವಾಗಲಿ ಗಂಟಲು ನೋವಾಗಲಿ ಇಲ್ಲದಿದ್ದರೆ ಪರೀಕ್ಷೆಯೂ ಬೇಡ, ಔಷಧವೂ ಬೇಡ. ಬಂದರೆ ತೋರಿಸಿ. ಆಂಟಿಬಯೋಟಿಕ್ ಶುರುವಾಗಿ ಒಂದು ದಿನ ಪೂರ್ತಿ ಕಳೆದು, ಜ್ವರ ಬಿಟ್ಟಿದ್ದರೆ ಮಗನನ್ನು ಶಾಲೆಗೆ ಕಳುಹಿಸಬಹುದು. ಟಾನ್ಸಿಲ್ ತೆಗೆಸುವ ಆಲೋಚನೆಗೆ ಕಾಲವಿನ್ನೂ ಬಂದಿಲ್ಲ. ಒಂದೇ ವರ್ಷದಲ್ಲಿ ಏಳು ಸಲ, ಅಥವಾ ಸತತ ಎರಡು ವರ್ಷ ಐದೈದು ಸಲ, ಅಥವಾ ಮೂರು ವರ್ಷ ಮೂರು ಮೂರು ಸಲ ವೈದ್ಯರು ನೋಡಿ ದಾಖಲಿಸಿದಂಥ ತೀವ್ರವಾದ ಗಂಟಲು ಬೇನೆ ಬಂದಿದ್ದರೆ ಆ ಮಾತನ್ನು ಎತ್ತುತ್ತೇವೆ. ನೆಗಡಿಯ ಜೊತೆ ಬಂದ ಗಂಟಲು ಕೆರೆತವನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಎರಡು ದಿನಗಳಲ್ಲಿ ಮಗು ಆಡತೊಡಗುತ್ತಾನೆ, ಆಗಲೇ ಔಷಧ ನಿಲ್ಲುವುದು ಹೆಚ್ಚು. ಬೇರೆ ಕೆಲವು ಸೋಂಕುಗಳಿಗೆ ಈಗ ಚಿಕಿತ್ಸೆಯ ದಿನಗಳನ್ನು ಕಡಿತಗೊಳಿಸುತ್ತಿದ್ದೇವೆ, ಆದರೆ ರುಮ್ಯಾಟಿಕ್ ಜ್ವರದ ಭಯವಿರುವ ನಮ್ಮಂಥ ಕಡೆ ಈ ಹತ್ತು ದಿನಗಳಿಗೆ ಕತ್ತರಿ ಹಾಕಬಾರದು. ಮುಗಿದ ಮೇಲೆ ಗುಣವಾಗಿದ್ದರೆ ಮತ್ತೆ ಸ್ವಾಬ್ ಬೇಡ. ಕೆಲವು ಮಕ್ಕಳ ಗಂಟಲಿನಲ್ಲಿ ಈ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ಕೊಡದೆ ಸುಮ್ಮನೆ ವಾಸವಾಗಿರುತ್ತದೆ, ಅದನ್ನು ಹುಡುಕಿ ಹೊಡೆಯುವ ಅಗತ್ಯವಿಲ್ಲ.

ಚುಚ್ಚುಮದ್ದಿನ ಕಾರ್ಡನ್ನೂ ಒಮ್ಮೆ ತೆಗೆದು ನೋಡಿ. ಟಾನ್ಸಿಲ್ ಮೇಲೆ ಬೂದುಬಣ್ಣದ ಪೊರೆ ಕಟ್ಟಿ, ಎಬ್ಬಿಸಲು ಹೋದರೆ ರಕ್ತ ಒಸರಿ, ಕತ್ತು ಊದಿಕೊಳ್ಳುವ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ನಮ್ಮ ರಾಜ್ಯದಿಂದ ಇನ್ನೂ ತೊಲಗಿಲ್ಲ. ಅದಕ್ಕೆ ಆಂಟಿಬಯೋಟಿಕ್ ಒಂದೇ ಸಾಲದು, ವಿಷಹಾರಿ ಸೀರಂ ಬೇಕು, ಅದೂ ತಡಮಾಡದೆ. ಇದನ್ನು ತಡೆಯುವ ಡಿಪಿಟಿ ಲಸಿಕೆಯ, ಐದರಿಂದ ಆರು ವರ್ಷದ ನಡುವಿನ ಬೂಸ್ಟರ್ ಮಗನಿಗೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮುಂದಿನದು ಹತ್ತನೇ ವರ್ಷದಲ್ಲಿ, ಅದರಾಚೆ ಹದಿನಾರರಲ್ಲಿ ಕೊಡುವ ಟಿಡಿ, ಅಂದರೆ ಧನುರ್ವಾಯು ಮತ್ತು ಡಿಫ್ತೀರಿಯಾ ಲಸಿಕೆ. ಇವೆಲ್ಲ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ಜೊತೆಗೆ ಮುಂದಿನ ಎರಡು ಮೂರು ವಾರ ಮಗನ ಮೂತ್ರದ ಬಣ್ಣದ ಮೇಲೆ ಕಣ್ಣಿಟ್ಟಿರಿ. ಅದು ಟೀ ಡಿಕಾಕ್ಷನ್‌ನಂತೆ ಕಂದಾದರೆ, ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು ಕಂಡರೆ, ಆಂಟಿಬಯೋಟಿಕ್ ಪೂರ್ತಿ ಮುಗಿಸಿದ್ದರೂ ಅಂದೇ ವೈದ್ಯರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿ, ರಕ್ತದ ಒತ್ತಡ ನೋಡಿಸಿ. ಸ್ಟ್ರೆಪ್ಟೊಕಾಕಸ್‌ನ ನಂತರ ಮೂತ್ರಪಿಂಡಗಳಿಗೆ ಬರುವ ಉರಿಯೂತವನ್ನು ಈ ಔಷಧ ಖಚಿತವಾಗಿ ತಡೆಯುತ್ತದೆಂದು ಹೇಳಲಾಗದು. ಬೇಗ ಗುರುತಿಸಿದರೆ ಬಹುತೇಕ ಮಕ್ಕಳಲ್ಲಿ ಅದು ಪೂರ್ತಿ ವಾಸಿಯಾಗುತ್ತದೆ.